ಕಾಮರ್ಸ್ ಓದಿ ಇಂಟೀರಿಯರ್ ಡಿಸೈನ್‌ಗೆ ಹೋಗಬಹುದೇ?

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಕಾಮರ್ಸ್ ಮತ್ತು ಆರ್ಟ್ಸ್ ವಿದ್ಯಾರ್ಥಿಗಳು, ಅದರಲ್ಲೂ ಹೆಣ್ಣುಮಕ್ಕಳು, ಒಂದು ಪ್ರಶ್ನೆ ಕೇಳುತ್ತಾರೆ: "ನನಗೆ ಮನೆ ಒಳಗಿನ ವಿನ್ಯಾಸದಲ್ಲಿ ಆಸಕ್ತಿ ಇದೆ, ಆದರೆ ಸೈನ್ಸ್ ಓದಿಲ್ಲ. ಬಿ.ಕಾಂ. ಮುಗಿಸಿದ ಮೇಲಾದರೂ ಆ ಕಡೆ ಹೋಗಲು ಆಗುತ್ತದೆಯೇ?" ಆಗುತ್ತದೆ. ಆದರೆ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂದು ಮೊದಲೇ ತಿಳಿದಿರಬೇಕು.

ಮುಚ್ಚಿದ ಬಾಗಿಲಿನಿಂದಲೇ ಆರಂಭಿಸೋಣ. ಕಟ್ಟಡವನ್ನೇ ವಿನ್ಯಾಸ ಮಾಡುವವರು ಆರ್ಕಿಟೆಕ್ಟ್. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇಲ್ಲದವರು ಆ ಹೆಸರನ್ನು ಬಳಸುವಂತಿಲ್ಲ. ಬಿ.ಆರ್ಕ್. ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಆದ್ದರಿಂದ ಗಣಿತ ಬಿಟ್ಟವರಿಗೆ ಆ ದಾರಿ ಇಲ್ಲ. ಎಸ್ಸೆಸ್ಸೆಲ್ಸಿ ಓದುತ್ತಿರುವ ತಮ್ಮ, ತಂಗಿ ಇದ್ದರೆ ಇದನ್ನು ಈಗಲೇ ಹೇಳಿ. ಇಂಟೀರಿಯರ್ ಡಿಸೈನರ್ ಎಂಬ ಹೆಸರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದಾದ ಕಡೆ, ಕೆಲಸ ನಿಜವಾಗಿ ಬಲ್ಲವರು ತಮ್ಮ ಕೆಲಸವನ್ನು ತೋರಿಸಿಯೇ ನಂಬಿಸಬೇಕು.

ಬೇರೆ ವಿಷಯ ಓದಿ ಇತ್ತ ಬಂದವರು ಹಿಂದೆಯೂ ಇದ್ದರು. ಬಾಗ್ದಾದಿನಲ್ಲಿ ಹುಟ್ಟಿದ ಜಹಾ ಹದೀದ್ ಬೈರೂತ್‌ನ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಗಣಿತ. ಆಮೇಲೆ 1972ರಲ್ಲಿ ಲಂಡನ್ನಿಗೆ ಹೋಗಿ ವಾಸ್ತುಶಿಲ್ಪ ಕಲಿತರು. 2004ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. ಶ್ರೀಲಂಕಾದ ಜೆಫ್ರಿ ಬಾವಾ ಅವರ ಕಥೆ ಇನ್ನೂ ವಿಚಿತ್ರ. ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯ, ಅನಂತರ ಕಾನೂನು ಓದಿ ಕೊಲಂಬೋದಲ್ಲಿ ವಕೀಲರಾದರು. 1948ರಲ್ಲಿ ಒಂದು ಹಳೆಯ ರಬ್ಬರ್ ತೋಟ ಕೊಂಡು ಅದನ್ನು ತಿದ್ದುತ್ತಾ ಹೋದಾಗ, ತನಗೆ ಬೇಕಾದ ವಿದ್ಯೆ ಯಾವುದೆಂದು ಅವರಿಗೆ ತಿಳಿಯಿತು. ಆರ್ಕಿಟೆಕ್ಟ್ ಆಗಿ ಅರ್ಹತೆ ಪಡೆದಾಗ 1957, ಅವರಿಗೆ 38 ವರ್ಷ. ಅವರಿಬ್ಬರಿಗೂ ಹಣದ ಅನುಕೂಲ ಇತ್ತು ಎನ್ನುವುದನ್ನೂ ಮರೆಯಬಾರದು. ನಾವು ಖರ್ಚಿನ ಲೆಕ್ಕ ಹಾಕಿಯೇ ಹೆಜ್ಜೆ ಇಡಬೇಕು.

ಈಗ ನಮ್ಮ ದಾರಿಗಳು. ಪಿಯುಸಿ ಆದ ಕೂಡಲೇ ಬಿ.ಡಿಸ್. ಓದಬೇಕೆನ್ನುವವರು ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಯನ್ನು ಯಾವ ವಿಭಾಗದಿಂದಲಾದರೂ ಬರೆಯಬಹುದು. ಆದರೆ ಎರಡೇ ಸಲ, ಅದೂ ಸತತ ಎರಡು ವರ್ಷಗಳಲ್ಲಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಪೀಠೋಪಕರಣ ಮತ್ತು ಒಳಾಂಗಣ ವಿನ್ಯಾಸ ಅಲ್ಲಿನ ಒಂದು ವಿಭಾಗ.

ಮೊದಲು ಬಿ.ಕಾಂ., ಬಿ.ಎ., ಬಿ.ಎಸ್ಸಿ. ಮುಗಿಸಿ ಅನಂತರ ಸ್ನಾತಕೋತ್ತರಕ್ಕೆ ಹೋಗುವವರಿಗೆ ಸೀಡ್ ಪರೀಕ್ಷೆ ಇದೆ. ಪಿಯುಸಿ ನಂತರ ಕನಿಷ್ಠ ಮೂರು ವರ್ಷದ ಪದವಿ ಅಥವಾ ಡಿಪ್ಲೊಮಾ ಇದ್ದರೆ ಸಾಕು, ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಇದರ ಅಂಕದಿಂದ ಐಐಟಿಗಳಲ್ಲಿ ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿಗುವುದು ಹೆಚ್ಚಾಗಿ ವಸ್ತು ವಿನ್ಯಾಸ, ಸಂವಹನ ವಿನ್ಯಾಸದಂಥ ವಿಷಯಗಳು. ಅಪ್ಪಟ ಇಂಟೀರಿಯರ್ ಬೇಕೆಂದರೆ ಪ್ರತಿ ವಿಶ್ವವಿದ್ಯಾಲಯದ ಅರ್ಹತೆಯ ಸಾಲನ್ನು ಓದಲೇಬೇಕು. ಕೆಲವೆಡೆ ವಿನ್ಯಾಸ ಅಥವಾ ಆರ್ಕಿಟೆಕ್ಚರ್ ಪದವಿ ಇದ್ದವರಿಗೆ ಮಾತ್ರ ಪ್ರವೇಶ. ಕೆಲವೆಡೆ ಯಾವ ಪದವಿಯಾದರೂ ಸರಿ, ಆದರೆ ತಳಪಾಯದ ಪಾಠಗಳನ್ನು ಹೆಚ್ಚುವರಿಯಾಗಿ ಓದಬೇಕು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಎರಡು ವರ್ಷದ ಕೋರ್ಸು ಹೊಸಬರಿಗೆ ಮೂರು ವರ್ಷವಾಗುವುದು ಈ ಕಾರಣಕ್ಕೆ.

ಒಂದು ಎಚ್ಚರಿಕೆ. ಆರು ತಿಂಗಳ ಸರ್ಟಿಫಿಕೇಟ್ ಕೋರ್ಸಿನ ಜಾಹೀರಾತಿನಲ್ಲಿ "ಡಿಗ್ರಿ" ಎಂಬ ಪದ ಕಂಡರೆ ನಂಬಬೇಡಿ. 1956ರ ಯುಜಿಸಿ ಕಾಯ್ದೆಯಂತೆ ಪದವಿ ನೀಡುವ ಅಧಿಕಾರ ಇರುವುದು ವಿಶ್ವವಿದ್ಯಾಲಯಗಳಿಗೆ ಮತ್ತು ಕಾನೂನು ಆ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಯಾವ ವಿಶ್ವವಿದ್ಯಾಲಯ ಎಂದು ಕೇಳಿ, ಯುಜಿಸಿ ಪಟ್ಟಿಯಲ್ಲಿ ಹೆಸರು ನೋಡಿ, ಆಮೇಲೆ ಅಬ್ಬಾ ಅವರಿಂದ ಹಣ ಕೇಳಿ.

ಕಾಮರ್ಸ್ ಓದಿದ್ದು ವ್ಯರ್ಥವಾಗುತ್ತದೆಯೇ? ಇಲ್ಲ. ಒಂದು ಲೆಕ್ಕ ನೋಡಿ. 10 ಅಡಿಗೆ 12 ಅಡಿಯ ಕೋಣೆಗೆ ಎರಡಡಿ ಚೌಕದ ಟೈಲ್ಸ್ ಹಾಕಬೇಕು. ನೆಲಕ್ಕೆ 30 ಬೇಕು. ಗೋಡೆಯ ಬುಡಕ್ಕೆ ನಾಲ್ಕಿಂಚಿನ ಪಟ್ಟಿ ಬೇಕು: ಸುತ್ತಳತೆ 44 ಅಡಿ, ಮೂರಡಿಯ ಬಾಗಿಲು ಕಳೆದರೆ 41. ಒಂದು ಟೈಲ್‌ನಿಂದ ಆರು ಪಟ್ಟಿ, ಅಂದರೆ 12 ಅಡಿ ಸಿಗುತ್ತದೆ, ಹಾಗಾಗಿ ಇನ್ನು 4 ಟೈಲ್. ಒಟ್ಟು 34. ಕತ್ತರಿಸುವಾಗ ಒಡೆಯುವುದಕ್ಕೆ ಶೇ 10 ಸೇರಿಸಿದರೆ 38. ಪೆಟ್ಟಿಗೆಗೆ ನಾಲ್ಕರಂತೆ 10 ಪೆಟ್ಟಿಗೆ. ಹೀಗೆ ಸಾಮಾನು, ಕೂಲಿ, ಸಾಗಣೆ, ತೆರಿಗೆ ಎಲ್ಲ ಸೇರಿಸಿ ಅಂದಾಜು ಪಟ್ಟಿ ಮಾಡುವುದು ಈ ವೃತ್ತಿಯ ದೊಡ್ಡ ಪಾಲು. ಚಿತ್ರ ಚೆನ್ನಾಗಿ ಬರೆದು ಲೆಕ್ಕ ತಪ್ಪುವವರ ಬಳಿಗೆ ಗಿರಾಕಿ ಎರಡನೇ ಸಲ ಬರುವುದಿಲ್ಲ. ಗೃಹ ವಿಜ್ಞಾನ ಓದಿದವರಿಗೂ ಇದು ಹತ್ತಿರದ ವಿಷಯ.

ಕಲಿಯಬೇಕಾದದ್ದು ಅಳತೆ ಮತ್ತು ಚಿತ್ರ. ಪ್ರವೇಶದ ಹೊತ್ತಿಗೆ ಕೇಳುವ ಪೋರ್ಟ್‌ಫೋಲಿಯೋಗೆ ದುಬಾರಿ ಕಂಪ್ಯೂಟರ್ ಬೇಕಿಲ್ಲ. ಟೇಪ್, ಪೆನ್ಸಿಲ್, ಗ್ರಾಫ್ ಹಾಳೆ ಸಾಕು. ನಿಮ್ಮ ಮನೆಯ ಅಡುಗೆಮನೆಯನ್ನು 1:50ರ ಪ್ರಮಾಣದಲ್ಲಿ ಬರೆಯಿರಿ. ಮೂರು ಮೀಟರಿನ ಗೋಡೆ ಹಾಳೆಯ ಮೇಲೆ ಆರು ಸೆಂಟಿಮೀಟರ್ ಆಗುತ್ತದೆ. ಮೆಟ್ಟಿಲು ಅಳೆಯಿರಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯೊಳಗಿನ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು, ಪಾದ ಇಡುವ ಅಗಲ 250ಕ್ಕಿಂತ ಕಡಿಮೆ ಇರಬಾರದು. ನಿಮ್ಮ ದಾದಿ ಮೆಟ್ಟಿಲೇರುವಾಗ ಗೋಡೆ ಹಿಡಿಯುವುದಕ್ಕೆ ವಯಸ್ಸು ಮಾತ್ರ ಕಾರಣವೋ ಎಂದು ಆಗ ತಿಳಿಯುತ್ತದೆ. ದರ್ಗಾ ಬೀದಿಯ ಒಂದು ಚಿಕ್ಕ ಅಂಗಡಿಯನ್ನು, ಮಾಲೀಕರ ಅನುಮತಿ ಕೇಳಿ, ಅಳೆದು ಬರೆಯಿರಿ. ಜನ ಎಲ್ಲಿ ನಿಲ್ಲುತ್ತಾರೆ, ಮಾಲು ಎಲ್ಲಿ ತುಂಬುತ್ತಾರೆ, ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿ, ಅದೇ ಜಾಗವನ್ನು ಹೇಗೆ ಬದಲಿಸುತ್ತೀರಿ ಎಂದು ಇನ್ನೊಂದು ಹಾಳೆಯಲ್ಲಿ ತೋರಿಸಿ. ಇಂಟರ್‌ನೆಟ್ಟಿನಿಂದ ಇಳಿಸಿದ ಬಣ್ಣದ ಚಿತ್ರಗಳಿಗಿಂತ ಇದಕ್ಕೆ ಬೆಲೆ ಹೆಚ್ಚು.

"ಹುಡುಗಿ ಸೈಟಿಗೆ ಹೋಗಬೇಕಾಗುತ್ತದಲ್ಲಾ" ಎಂದು ಮನೆಯಲ್ಲಿ ಕೇಳುತ್ತಾರೆ. ಹೋಗಬೇಕಾಗುತ್ತದೆ, ಮುಚ್ಚಿಡುವುದು ಬೇಡ. ನಕ್ಷೆ, ಅಂದಾಜು ಪಟ್ಟಿ, ಕಂಪ್ಯೂಟರ್ ಚಿತ್ರಗಳನ್ನು ಮನೆಯಿಂದಲೂ ಮಾಡಬಹುದು. ಆದರೆ ಬಡಗಿ, ಗಾರೆ ಮೇಸ್ತ್ರಿ, ಎಲೆಕ್ಟ್ರೀಷಿಯನ್ ಕೆಲಸ ಮಾಡುವುದನ್ನು ಕಣ್ಣಾರೆ ನೋಡದವರು ಸ್ವಿಚ್ ಬೋರ್ಡಿಗೆ ತಾಗುವ ಬೀರು ಬಾಗಿಲನ್ನೇ ಬರೆಯುತ್ತಾರೆ. ಈ ಕೆಲಸಗಳನ್ನು ಮಾಡುವವರು ನಮ್ಮ ಕುಟುಂಬಗಳಲ್ಲೇ ಅನೇಕರಿದ್ದಾರೆ. ರಜೆಯಲ್ಲಿ ಮಾಮೂ ಜೊತೆ ಒಂದು ವಾರ ಸೈಟಿಗೆ ಹೋಗಿ ಬಂದರೆ ಆ ಭಯವೂ ಇಳಿಯುತ್ತದೆ, ಆಸಕ್ತಿ ನಿಜವೋ ಎಂಬುದೂ ಗೊತ್ತಾಗುತ್ತದೆ.

ಹಣದ ವಿಷಯಕ್ಕೆ ಬಂದರೆ, ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡಮಾನ ಬೇಕಿಲ್ಲ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಬಡ್ಡಿ ಬೇಡವೆನ್ನುವ ಮನೆಯವರು ಮೊದಲು ವಿದ್ಯಾರ್ಥಿವೇತನಗಳನ್ನು ವಿಚಾರಿಸಲಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಮುಖ್ಯವಾಗಿ ಸಿಇಟಿ, ನೀಟ್ ಮೂಲಕ ಸೀಟು ಪಡೆದವರಿಗಾಗಿ ಇರುವುದು. ನಿಮ್ಮ ಕೋರ್ಸು ಪಟ್ಟಿಯಲ್ಲಿದೆಯೇ ಎಂದು ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಯಲ್ಲಿ ಕೇಳಿದ ಮೇಲೆಯೇ ಕಾಲೇಜಿಗೆ ಮುಂಗಡ ಕಟ್ಟಿ.

ಯುಸೀಡ್, ಸೀಡ್ ಎರಡಕ್ಕೂ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಅರ್ಜಿ ಆರಂಭವಾಗಿ ಜನವರಿಯಲ್ಲಿ ಪರೀಕ್ಷೆ ನಡೆಯುತ್ತದೆ. ಅಂದರೆ ನಮ್ಮ ಪಿಯು ಬೋರ್ಡ್ ಪರೀಕ್ಷೆಗಿಂತ ಮೊದಲೇ. ಫಲಿತಾಂಶ ಬಂದ ಮೇಲೆ ನೋಡೋಣ ಎಂದುಕೊಂಡವರಿಗೆ ಆ ವರ್ಷ ಕೈತಪ್ಪಿರುತ್ತದೆ.