ಡ್ರೋನ್‌ಗೆ ಯಾವ ಎನ್‌ಡಿ ಫಿಲ್ಟರ್?

ಪ್ರಶ್ನೆ: ಬಿಸಿಲಲ್ಲಿ ತೆಗೆದ ಡ್ರೋನ್ ವಿಡಿಯೊ ತಡವರಿಸಿದಂತೆ ಕಾಣುವುದೇಕೆ? ಯಾವ ಎನ್‌ಡಿ ಫಿಲ್ಟರ್ ಕೊಳ್ಳಬೇಕು?

ಉತ್ತರ: ಸೆಕೆಂಡಿಗೆ 25 ಫ್ರೇಮ್‌ಗಳ ವಿಡಿಯೊದಲ್ಲಿ ಶಟರ್ ವೇಗ 1/50 ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಚಲನೆ ಸಹಜವೆನಿಸುತ್ತದೆ. ಡಿಜೆಐ ಮಿನಿ 2ರಂಥ ಡ್ರೋನ್‌ಗಳಲ್ಲಿ ಅಪರ್ಚರ್ ಎಫ್/2.8ರಲ್ಲೇ ಸ್ಥಿರ, ಕಿರಿದು ಮಾಡಲು ಬರುವುದಿಲ್ಲ. ಹೀಗಾಗಿ ನಡುಹಗಲಿನಲ್ಲಿ ಐಎಸ್‌ಒ 100 ಇಟ್ಟರೂ ಶಟರ್ 1/3200ರ ಹತ್ತಿರ ಹೋಗುತ್ತದೆ. ಆಗ ಪ್ರತಿ ಫ್ರೇಮೂ ಅತಿ ಚೂಪು. ಗಾಳಿಗೆ ತೂಗುವ ತೆಂಗಿನ ಗರಿ ಬಿಟ್ಟುಬಿಟ್ಟು ಜಿಗಿದಂತೆ ತೋರುತ್ತದೆ.

3200ನ್ನು 50ರಿಂದ ಭಾಗಿಸಿದರೆ 64. ಶಟರ್ 1/50ಕ್ಕೆ ಇಳಿಯಲು ಲೆನ್ಸಿಗೆ ಬರುವ ಬೆಳಕು 64ರಲ್ಲೊಂದು ಪಾಲಾಗಬೇಕು. ಬೆಳಕನ್ನು ಅಷ್ಟು ತಗ್ಗಿಸುವ ಫಿಲ್ಟರೇ ಎನ್‌ಡಿ 64!

ಮೋಡವಿದ್ದರೆ ಸಾಮಾನ್ಯವಾಗಿ ಎನ್‌ಡಿ 16 ಸಾಕು, ಮುಸ್ಸಂಜೆಗೆ ಫಿಲ್ಟರೇ ಬೇಡ. ಗಿಂಬಲ್ ಮೇಲೆ ಭಾರ ಬೀಳದಂತೆ ಆಯಾ ಮಾದರಿಗೆಂದೇ ತಯಾರಾದ ಹಗುರ ಫಿಲ್ಟರನ್ನೇ ಕೊಳ್ಳಬೇಕು. ಡ್ರೋನ್ ಆನ್ ಮಾಡುವ ಮುಂಚೆಯೇ ಅದನ್ನು ಹಾಕಬೇಕು.