ಬಿಳಿನೊಣ: ಎಲೆ ಮಗುಚಿ ನೋಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಿತ್ತಲಲ್ಲಿ ಬದನೆ, ಬೆಂಡೆ ಗಿಡ ಅಲುಗಿಸಿದರೆ ಹಿಟ್ಟು ತೂರಿದಂತೆ ಏನೋ ಏಳುತ್ತದೆ. ಮರುಗಳಿಗೆಗೆ ಎಲೆಯಡಿ ಸೇರುತ್ತದೆ. ಅದೇ ಬಿಳಿನೊಣ. ಹೆಸರಿಗಷ್ಟೇ ನೊಣ. ನೊಣಕ್ಕೆ ರೆಕ್ಕೆ ಎರಡು, ಇದಕ್ಕೆ ನಾಲ್ಕು. ಸಸ್ಯಹೇನು, ಹಿಟ್ಟುತಿಗಣೆಗಳ ಬಳಗದ್ದು. ಉದ್ದ ಸುಮಾರು 1 ಮಿ.ಮೀ. ಮೈಗೆ ಬಳಿದುಕೊಂಡ ಮೇಣದ ಹುಡಿಯಿಂದ ಆ ಬಿಳುಪು.

ಹಾರುವುದರ ಬೆನ್ನು ಹತ್ತಬೇಡಿ, ಎಲೆ ಮಗುಚಿ ನೋಡಿ. ಮೊಟ್ಟೆಗೆ ಪುಟ್ಟ ತೊಟ್ಟಿದೆ. ಅದು ಎಲೆಗೆ ನಾಟಿಕೊಂಡು ನೀರು ಹೀರುತ್ತದೆ. ಒಡೆದು ಬಂದ ಮರಿ ಒಂದಿಷ್ಟು ತೆವಳಿ, ಸೂಜಿಬಾಯಿ ಚುಚ್ಚಿ ಕೂತರೆ ರೆಕ್ಕೆ ಬರುವವರೆಗೂ ಕದಲುವುದಿಲ್ಲ. ಬಿಸಿಲುಕಾಲದಲ್ಲಿ ಸುಮಾರು ಮೂರು ವಾರಕ್ಕೆ ಹೊಸ ತಲೆಮಾರು ತಯಾರು. ಜೋರು ಮಳೆ ಇವುಗಳನ್ನು ತೊಳೆದುಹಾಕುತ್ತದೆ. ಮಳೆ ಕೈಕೊಡುವ ನಮ್ಮ ಸೀಮೆಯಲ್ಲಿ ಆ ಕೆಲಸ ನಾವೇ ಮಾಡಬೇಕು.

ಎಲೆರಸದಲ್ಲಿ ಸಕ್ಕರೆ ಹೆಚ್ಚು, ಸಾರಜನಕ ಕಡಿಮೆ. ಅದಕ್ಕೇ ಕೀಟ ಸಿಕ್ಕಾಪಟ್ಟೆ ಹೀರಿ, ಮಿಕ್ಕ ಸಕ್ಕರೆಯನ್ನು ಅಂಟಾಗಿ ಹೊರಹಾಕುತ್ತದೆ. ಅಂಟಿಗೆ ಇರುವೆ ಬರುತ್ತದೆ, ಕಪ್ಪು ಬೂಷ್ಟು ಹಿಡಿಯುತ್ತದೆ. ಲಿಂಬೆ ಎಲೆ ಕರ್ರಗಾದರೂ ಕೆಳಗೆ ಈ ಬಳಗದವರು ಇದ್ದಾರೆಯೇ ನೋಡಿ. ಇದಕ್ಕಿಂತ ದೊಡ್ಡ ಕೇಡು ನಂಜಿನದು: ಬೆಂಡೆಯ ಹಳದಿ ನರ ರೋಗ, ಟೊಮೆಟೊದ ಎಲೆ ಮುದುಡು ರೋಗ ಹರಡುವುದು ಬಿಳಿನೊಣವೇ. ಇವಕ್ಕೆ ಮದ್ದಿಲ್ಲ, ರೋಗ ಹತ್ತಿದ ಗಿಡ ಕಿತ್ತುಹಾಕಿ.

ಮೊದಲು ನೀರಿನ ಪೈಪು ಹಿಡಿದು ಎಲೆಯಡಿ ರಭಸವಾಗಿ ಹಾಯಿಸಿ. ಹಳದಿ ಬಣ್ಣ ಇವಕ್ಕೆ ಎಳೆ ಎಲೆಯಂತೆ ಸೆಳೆತ. ಹಳದಿ ತಗಡಿಗೆ ಔಡಲೆಣ್ಣೆ ಸವರಿ ಗಿಡದೆತ್ತರಕ್ಕೆ ತೂಗುಹಾಕಿ. ಮುಂಗಾರಿನಲ್ಲಿ ಉದುರುವ ಬೇವಿನ ಹಣ್ಣಿನ ಬೀಜ ಒಣಗಿಸಿಡಿ. 50 ಗ್ರಾಂ ತಿರುಳು ಕುಟ್ಟಿ, 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸಾಬೂನು ಕದಡಿ ಸಂಜೆ ಎಲೆಯಡಿಗೆ ಸಿಂಪಡಿಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನೂ ಆದೀತು. ಮೊಟ್ಟೆಗಳು ಉಳಿಯುವುದರಿಂದ ವಾರ ಬಿಟ್ಟು ಮತ್ತೆ ಹೊಡೆಯಿರಿ. ಮುಂದಿನ ಸಲ ಕಾಯಿಪಲ್ಲೆಯ ಸುತ್ತ ಎರಡು ಸಾಲು ಜೋಳ ಮೊದಲೇ ಬಿತ್ತಿದರೆ, ಹಾರಿಬರುವವಕ್ಕೆ ಅದೇ ಬೇಲಿ.

ಹತ್ತಿಗೆ ಹೊಡೆದು ಉಳಿದ ಕಟುವಿಷವನ್ನು ಮಾತ್ರ ಹಿತ್ತಲಿಗೆ ತರಬೇಡಿ. ಎಲೆಯಡಿಯ ಮರಿಗಳಲ್ಲಿ ಕೆಲವು ಕಪ್ಪಾಗಿವೆಯೇ? ಅವುಗಳೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜದ ಮರಿ ಬೆಳೆಯುತ್ತಿರಬಹುದು. ಹಾಗಿದ್ದರೆ ಸಿಂಪಡಣೆಯ ಡಬ್ಬಿ ಕೆಳಗಿಡಿ; ನಿಮ್ಮ ಕೆಲಸಕ್ಕೆ ಆಳು ಬಂದಾಗಿದೆ.