ಹುಂಜ ಕೂಗಿದ್ದು ಯಾವ ಭಾಷೆಯಲ್ಲಿ?

ನಮ್ಮ ಹುಂಜ ‘ಕೊಕ್ಕೊಕ್ಕೋ’ ಎಂದು ಕೂಗುತ್ತದೆ. ಇಂಗ್ಲಿಷ್ ಪುಸ್ತಕದ ಹುಂಜ ‘ಕಾಕ್-ಎ-ಡೂಡಲ್-ಡೂ’ ಎನ್ನುತ್ತದೆ. ಜರ್ಮನರಿಗೆ ಅದು ‘ಕಿಕೆರಿಕಿ’, ಫ್ರೆಂಚರಿಗೆ ‘ಕೊಕೊರಿಕೊ’, ಜಪಾನೀಯರಿಗೆ ‘ಕೊಕೆಕೊಕ್ಕೊ’. ಇವುಗಳಲ್ಲಿ ಸರಿ ಯಾವುದು ಎಂದು ಮಗು ಕೇಳಿದರೆ ಏನೆನ್ನುತ್ತೀರಿ?

ಎಲ್ಲವೂ ಸರಿ ಎನ್ನಬಹುದು. ಮನುಷ್ಯನ ಬಾಯಿ ಟೇಪ್‌ರೆಕಾರ್ಡರ್ ಅಲ್ಲ. ಕಿವಿಗೆ ಬಿದ್ದ ದನಿಯನ್ನು ಅವನು ತನ್ನ ಭಾಷೆಯ ಅಕ್ಷರಗಳಲ್ಲೇ ಹಿಡಿಯಬೇಕು. ಆದರೂ ಈ ಐದರಲ್ಲೂ ‘ಕ’ಕಾರ ಇರುವುದನ್ನು ಗಮನಿಸಿ. ಹುಂಜ ಒಂದೇ, ಅನುಕರಿಸಿದ ಬಾಯಿಗಳು ಮಾತ್ರ ಬೇರೆ ಬೇರೆ.

ಈ ಚರ್ಚೆ ಹೊಸದೇನಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಯಾಸ್ಕ ತನ್ನ ‘ನಿರುಕ್ತ’ದಲ್ಲಿ ‘ಕಾಕ’ ಎಂಬುದು ಕಾಗೆಯ ಕೂಗಿನ ಅನುಕರಣೆ, ಹಕ್ಕಿಗಳ ಹೆಸರುಗಳಲ್ಲಿ ಇಂಥವು ಬಹಳ ಎಂದಿದ್ದ. ಔಪಮನ್ಯವನೆಂಬ ಪಂಡಿತ ಇದನ್ನು ಒಪ್ಪಲಿಲ್ಲವೆಂದೂ ಅವನೇ ಹೇಳುತ್ತಾನೆ. ಓಡಿಸಬೇಕಾದ ಹಕ್ಕಿಯಾದ್ದರಿಂದ ಅದು ‘ಕಾಕ’ ಎಂಬುದು ಔಪಮನ್ಯವನ ವಾದ!

ಹಾಗಾದರೆ ಭಾಷೆಯೆಲ್ಲ ಹೀಗೆಯೇ ಹುಟ್ಟಿತೆ? ಹಾಗೆಂದವರೂ ಇದ್ದರು. ಮ್ಯಾಕ್ಸ್ ಮುಲ್ಲರ್ 1861ರ ತನ್ನ ಉಪನ್ಯಾಸಗಳಲ್ಲಿ ಆ ವಾದವನ್ನು ‘ಬೌ-ವೌ ಸಿದ್ಧಾಂತ’ವೆಂದು ಗೇಲಿ ಮಾಡಿದ. ಗೇಲಿಯಲ್ಲಿ ಹುರುಳಿಲ್ಲದೆ ಇರಲಿಲ್ಲ. ಕಾಗೆಗೆ ಕೂಗಿದೆ, ‘ನಾಳೆ’ಗೆ, ‘ನೆನಪಿ’ಗೆ ಯಾವ ದನಿ?

ಅನುಕರಣೆಯಿಂದ ಹುಟ್ಟಿದ ಪದವೂ ಸುಮ್ಮನೆ ಕೂರುವುದಿಲ್ಲ. ಮರಿಹಕ್ಕಿಯ ‘ಪಿ ಪಿ’ಯಿಂದ ಲ್ಯಾಟಿನ್ನಿನಲ್ಲಿ ‘ಪಿಪಿಯೊ’ ಬಂತು. ಅದೇ ಸವೆದು ಫ್ರೆಂಚಿನಲ್ಲಿ ‘ಪಿಜೋಂ’, ಇಂಗ್ಲಿಷಿನಲ್ಲಿ ‘ಪಿಜನ್’ ಆಯಿತು. ಪಾರಿವಾಳದ ಈ ಹೆಸರಿನಲ್ಲಿ ಮರಿಯ ಕೂಗು ಇಂದು ಯಾರಿಗೂ ಕೇಳಿಸದು.

ನಮ್ಮ ಕನ್ನಡದ ದಾರಿ ಇನ್ನೂ ಸೊಗಸು. ದನಿಗೆ ‘ಗುಟ್ಟು’ ಸೇರಿಸಿದರೆ ಕ್ರಿಯಾಪದ ಸಿದ್ಧ: ಹಾವು ಬುಸುಗುಟ್ಟುತ್ತದೆ, ಕಪ್ಪೆ ವಟಗುಟ್ಟುತ್ತದೆ, ಹಲ್ಲಿ ಲೊಚಗುಟ್ಟುತ್ತದೆ, ನಾಯಿ ಗುರುಗುಟ್ಟುತ್ತದೆ. ಮುಂದೆ ಈ ಪದಗಳು ಪ್ರಾಣಿಗಳನ್ನು ಬಿಟ್ಟು ಮನೆಯೊಳಗೂ ಬರುತ್ತವೆ. ಸಿಟ್ಟಾದ ಅಪ್ಪ ಬುಸುಗುಟ್ಟುತ್ತಾರೆ, ಅಜ್ಜಿ ಒಂದೇ ಸಮ ವಟಗುಟ್ಟುತ್ತಾರೆ, ಪಾಪ ಎನಿಸಿದಾಗ ಅಮ್ಮ ಲೊಚಗುಟ್ಟುತ್ತಾರೆ.

ವ್ಯಾಕರಣದ ಪಾಠದಲ್ಲಿ ‘ಅನುಕರಣಾವ್ಯಯ’ ಎಂದು ಬಾಯಿಪಾಠ ಮಾಡುವುದು ಇಂಥ ದನಿಪದಗಳನ್ನೇ. ಪರೀಕ್ಷೆಗೆ ನಾಲ್ಕು ಉದಾಹರಣೆ ಸಾಕು. ಆದರೆ ಹಲ್ಲಿಯ ಲೊಚಗುಟ್ಟುವಿಕೆಯನ್ನು ಒಮ್ಮೆಯೂ ಕಿವಿಗೊಟ್ಟು ಕೇಳದ ಮಗುವಿಗೆ ಆ ಪದ ಬರಿಯ ಅಕ್ಷರ. ಮುಂದಿನ ಭಾನುವಾರ ಮಕ್ಕಳೊಂದಿಗೆ ಅಂಗಳದಲ್ಲೋ ಪಾರ್ಕಿನಲ್ಲೋ ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕೇಳಿದ್ದನ್ನು ಪುಸ್ತಕ ನೋಡದೆ ಅವರವರೇ ಬರೆಯಲಿ. ಮನೆಯವರೆಲ್ಲರ ಪಟ್ಟಿ ಒಂದೇ ಆಗಿರದಿದ್ದರೆ ತಿದ್ದಲು ಹೋಗಬೇಡಿ.